ಗೋದಾಮಿನ ರಾತ್ರಿ

2019ರ ನವೆಂಬರ್ 17, ಭಾನುವಾರ, ಸಂಜೆ ನಾಲ್ಕೂ ಹತ್ತು. ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಸದ್ದು ಕೇಳಿತು. ಒಂದು ಮಗಳದ್ದು. ಇನ್ನೊಂದು ಯಾರದ್ದೆಂದು ತಿಳಿದಾಗ ಹಲ್ಲಿನ ಸೆಟ್ ಮಾಡುವವನ ಬಾಯಿ ಒಣಗಿತು.

“ಅಪ್ಪಾ, ನಿನ್ನ ಹುಟ್ಟುಹಬ್ಬದ ಉಡುಗೊರೆ!” ಎಂದಳು ಮಗಳು, ತೆಳ್ಳಗಿನ ಮುದುಕರೊಬ್ಬರನ್ನು ಮುಂದೆ ಬಿಟ್ಟು. “‘ಗೋದಾಮಿನ ರಾತ್ರಿ’ ರೆಕಾರ್ಡ್ ಮಾಡಿದವರು ಇವರೇ. ಹಳೇ ಮೈಕು ಮಾರೋಕೆ ನಮ್ಮ ಸ್ಟುಡಿಯೋಗೆ ಬಂದಿದ್ರು. ಬೇಡ ಬೇಡ ಅಂದ್ರೂ ಎಳ್ಕೊಂಡು ಬಂದೆ.”

ಕೋಣೆಯಲ್ಲಿ ಎಲ್ಲರೂ ಎದ್ದು ನಿಂತರು. ಹಲ್ಲಿನವನು ಕೊನೆಗೆ ಎದ್ದ.

ಔಷಧಿ ಅಂಗಡಿಯ ಮೇಲಿನ ಆ ಕೋಣೆಯಲ್ಲಿ ಅವರು ವಾರವಾರವೂ ಸೇರುತ್ತಿದ್ದದ್ದು ಒಂದೇ ತಂಡಕ್ಕಾಗಿ. ‘ಕಂಬಳಿಹುಳ’ ಎಂಬ ಆ ರಾಕ್ ತಂಡ ಯಾವಾಗಲೋ ಒಡೆದುಹೋಗಿತ್ತು. ಉಳಿದದ್ದು ‘ಗೋದಾಮಿನ ರಾತ್ರಿ’ ಎಂಬ ಒಂದೇ ಲೈವ್ ರೆಕಾರ್ಡ್. ಹಡಗುಕಟ್ಟೆಯ ಹಳೇ ಗೋದಾಮಿನಲ್ಲಿ, ಅಭಿಮಾನಿಗಳ ಎದುರು ನುಡಿಸಿದ್ದು ಎಂದು ಅದರ ಕವರಿನ ಮೇಲೆ ಬರೆದಿದೆ. ಪೋಸ್ಟರ್ ಇರಲಿಲ್ಲ, ಟಿಕೆಟ್ ಇರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಹರಡಿತ್ತಂತೆ. ಆ ರಾತ್ರಿ ಅಲ್ಲಿದ್ದವರಿಗೆ ಈ ಕೋಣೆಯಲ್ಲಿ ಮೆತ್ತೆಯ ಕುರ್ಚಿ, ಉಳಿದವರಿಗೆ ಗೋಡೆಬದಿಯ ಬೆಂಚು. ಅದು ಇಲ್ಲಿನ ಕಟ್ಟಳೆ. ಕುರ್ಚಿಗಳು ಮೂರು: ನಿವೃತ್ತ ಪೋಸ್ಟ್ ಮಾಸ್ತರರದ್ದು, ಔಷಧಿ ಅಂಗಡಿಯವರದ್ದು, ಹಲ್ಲಿನವನದ್ದು.

ಹಲ್ಲಿನವನಿಗೆ ಆ ಕುರ್ಚಿ ಸಿಕ್ಕಿದ್ದು ಸುಳ್ಳಿನಿಂದ. ಮೊದಲ ಸಲ ಬಂದಾಗ ಮಾಸ್ತರರು, “ನೀವೂ ಅಲ್ಲಿದ್ರಾ?” ಎಂದಿದ್ದರು. ತಲೆ ತಾನಾಗಿ ಹೌದೆಂದು ಆಡಿತ್ತು. ಆಮೇಲೆ ಸುಳ್ಳಿಗೆ ಕೈಕಾಲು ಮೂಡಿದವು: ಎರಡನೇ ಸಾಲು, ಬೆವರಿನ ವಾಸನೆ, ಮೂರನೇ ಹಾಡು ಮುಗಿದಾಗ ಗಂಟಲು ಹರಿಯುವಂತೆ ಕೂಗಿದ ಕೂಗು. ಮಗಳು ಅವನ ತೊಡೆಯ ಮೇಲೆ ಕೂತು ಅದನ್ನು ಕೇಳುತ್ತ ಬೆಳೆದಳು.

ಅತಿಥಿಗೆಂದು ಕೆಳಗಿನ ಅಂಗಡಿಯಿಂದ ಒಂದು ಕುರ್ಚಿ ತಂದರು. ಅವರು ಕೂರಲಿಲ್ಲ. “ನನಗೆ ಬೆಂಚೇ ಸರಿ,” ಎಂದರು.

ರೆಕಾರ್ಡ್ ತಿರುಗಿತು. ಮೂರನೇ ಹಾಡು ಮುಗಿದು ಚಪ್ಪಾಳೆ ಉಕ್ಕಿತು. ಅದರ ನಡುವೆ ಒಂದು ಚೂಪಾದ ಸಿಳ್ಳೆ. ವಾಡಿಕೆಯಂತೆ ಎಲ್ಲರೂ ಮಾಸ್ತರರ ಕಡೆ ತಿರುಗಿದರು. ಪ್ರತಿ ಸಲವೂ ತಲೆಬಾಗಿ ವಂದಿಸುತ್ತಿದ್ದ ಮಾಸ್ತರರು ಇವತ್ತು ಕನ್ನಡಕ ಒರೆಸಿಕೊಳ್ಳುತ್ತಿದ್ದರು.

“ಈ ಸಿಳ್ಳೆ ನಮ್ಮ ಮಾಸ್ತರರದ್ದೇ ಸರ್,” ಎಂದ ಬೆಂಚಿನವನೊಬ್ಬ.

“ಹೌದಾ?” ಎಂದರು ಅತಿಥಿ. “ಎಲ್ಲಿ ನಿಂತಿದ್ರಿ?”

“ಕಂಬದ ಹತ್ರ.”

“ಯಾವ ಕಡೆ?”

ಮಾಸ್ತರರು ಔಷಧಿಯವರ ಮುಖ ನೋಡಿದರು. “ಎಡಗಡೆ,” ಎಂದರು ಔಷಧಿಯವರು. “ನಾವಿಬ್ರೂ ಪಕ್ಕಪಕ್ಕ.”

“ಒಳ್ಳೇ ಜಾಗ.” ಅತಿಥಿ ತಮ್ಮ ಬೂಟಿನ ತುದಿ ನೋಡಿದರು. “ನಾನಂತೂ ಅವತ್ತು ಯಾರನ್ನೂ ನೋಡ್ಲಿಲ್ಲ.”

“ಆ ಕತ್ತಲಲ್ಲಿ ಎಲ್ಲಿಂದ ಕಾಣ್ಬೇಕು ಸರ್!” ಎಂದ ಅದೇ ಬೆಂಚಿನವನು. ಕೋಣೆ ನಕ್ಕಿತು. ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು.

“ಸರ್, ನಮ್ಮಪ್ಪನ ಕೂಗೂ ಇದರಲ್ಲೇ ಎಲ್ಲೋ ಇದೆ,” ಎಂದಳು ಮಗಳು. “ಮೂಲ ಟೇಪು ನಿಮ್ಮ ಮನೇಲಿದೆ ಅಂದ್ರಲ್ಲ? ಕೊಡಿ, ಸದ್ದನ್ನ ಒಂದೊಂದಾಗಿ ಬಿಡಿಸಿ ಹುಡುಕ್ತೀನಿ. ಆ ಕಥೆ ಕೇಳೇ ನಾನು ಈ ಕೆಲಸಕ್ಕೆ ಬಂದಿದ್ದು.”

ಅತಿಥಿ ಹಲ್ಲಿನವನನ್ನು ನೋಡಿದರು. ಆ ನೋಟದಲ್ಲಿ ಕನಿಕರವಿತ್ತು. “ಬೇಡಮ್ಮ. ಹಳೇ ಟೇಪು. ಮುಟ್ಟಿದ್ರೆ ಪುಡಿಯಾಗತ್ತೆ.”

“ಒಂದೇ ಒಂದ್ಸಲ, ಸರ್.”

“ಬೇಡ ಅಂದ್ನಲ್ಲ.”

ಇವರಿಗೆ ಗೊತ್ತಾಗಿದೆ, ಎಂದುಕೊಂಡ ಹಲ್ಲಿನವನು. ಗೊತ್ತಿದ್ದೂ ನನ್ನ ಮಾನ ಮುಚ್ಚುತ್ತಿದ್ದಾರೆ. ಮುಖಪರಿಚಯವೂ ಇಲ್ಲದ ಮನುಷ್ಯ ತನಗಾಗಿ ಸುಳ್ಳು ಹೇಳುವಂತಾಯಿತಲ್ಲ ಎನಿಸಿ ಅವನಿಗೆ ಕೂರಲಾಗಲಿಲ್ಲ. ಎದ್ದ.

“ನಾನು ಅಲ್ಲಿರ್ಲಿಲ್ಲ, ಮಗಳೇ.”

ಮಗಳು ನಕ್ಕಳು. ಅಪ್ಪನ ಮುಖ ನೋಡಿ ಆ ನಗು ಅರ್ಧಕ್ಕೇ ನಿಂತಿತು.

“ಆ ವಾರವೆಲ್ಲ ಮಂಗನಬಾವು ಬಂದು ಮನೇಲಿ ಮಲಗಿದ್ದೆ. ಕೂಗೋದಿರ್ಲಿ, ಗಂಜಿ ಕುಡಿಯೋಕೂ ಬಾಯಿ ಬಿಡೋಕಾಗ್ತಿರ್ಲಿಲ್ಲ.”

ಮೊದಲು ಬಾಯಿ ತೆರೆದವರು ಮಾಸ್ತರರು. “ಮಂಗನಬಾವಂತೆ! ಮಂಗನೇ ಬಂದು ನಮ್ಮ ಕುರ್ಚಿ ಮೇಲೆ ಕೂತಿತ್ತಲ್ರೀ ಇಷ್ಟು ವರ್ಷ!”

“ಊರಿಗೆಲ್ಲ ಹಲ್ಲು ಕಟ್ಟೋನು, ನಮಗೆ ಕಥೆ ಕಟ್ಟಿದ,” ಎಂದರು ಔಷಧಿಯವರು. ಅವರ ಹಣೆ ಬೆವರಿತ್ತು. “ನಿಜವಾಗಿ ಅಲ್ಲಿದ್ದವರಿಗೆ ಇದೆಷ್ಟು ಅವಮಾನ, ಗೊತ್ತಾ ನಿಮಗೆ?”

“ಗೊತ್ತು,” ಎಂದ ಹಲ್ಲಿನವನು.

ಅವನು ಕುರ್ಚಿ ಬಿಟ್ಟು ಬೆಂಚಿನತ್ತ ಹೋದ. ಬೆಂಚಿನವರು ಒಂದು ಗೇಣಷ್ಟು ಸರಿದರು, ಅದಕ್ಕಿಂತ ಹೆಚ್ಚಿಲ್ಲ. ಹೇಗೋ ಅಂಚಿನಲ್ಲಿ ಕೂತ. ಕಿವಿಯವರೆಗೆ ಮುಖ ಸುಡುತ್ತಿತ್ತು. ಹೊಸಬರಿಗೆಲ್ಲ ತಾನು ಆ ಎರಡನೇ ಸಾಲಿನ ಕಥೆ ಹೇಳಿದ್ದು, ಅವರು ಕಣ್ಣರಳಿಸಿ ಕೇಳಿದ್ದು, ಎಲ್ಲವೂ ಒಂದೊಂದಾಗಿ ಎದುರು ಬಂದು ನಿಂತವು. ಮಗಳತ್ತ ತಿರುಗುವ ಧೈರ್ಯ ಬರಲಿಲ್ಲ. ಅವಳು ಕೆಳಗೆ ನೋಡುತ್ತ ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

ರೆಕಾರ್ಡ್ ಮುಗಿದು ಸೂಜಿ ಕಿರ್ ಕಿರ್ ಎನ್ನುತ್ತಿತ್ತು. ಕೊನೆಗೆ ಮಗಳೇ ಮಾತು ತಿರುಗಿಸಿದಳು.

“ಸರ್, ಆ ಗೋದಾಮು ಎಷ್ಟು ದೊಡ್ಡದಿತ್ತು? ಪ್ರತಿಧ್ವನಿ ಬಹಳ ಚೆನ್ನಾಗಿ ಬಂದಿದೆ.”

ಅತಿಥಿ ಮೆತ್ತೆಯ ಕುರ್ಚಿಗಳಲ್ಲಿ ಉಳಿದಿದ್ದ ಇಬ್ಬರನ್ನು ನೋಡಿದರು. ಆಮೇಲೆ ಪಕ್ಕದಲ್ಲಿ ಮುದುಡಿ ಕೂತವನನ್ನು ನೋಡಿದರು. ಮಾಸ್ತರರು ಮತ್ತೆ ಕನ್ನಡಕ ಒರೆಸತೊಡಗಿದರು.

“ಗೋದಾಮು ಎಲ್ಲಿತ್ತಮ್ಮ? ಚಪ್ಪಾಳೆ, ಸಿಳ್ಳೆ, ಕೂಗು ಎಲ್ಲಾ ಒಂದು ಫುಟ್‌ಬಾಲ್ ಪಂದ್ಯದ್ದು, ಆಮೇಲೆ ಸೇರಿಸಿದ್ದು. ನುಡಿಸಿದ ನಾಲ್ಕು ಹುಡುಗರು, ನಾನು, ನಮ್ಮನೆ ಹಿಂದಿನ ಕೋಣೆ, ಅಷ್ಟೇ. ಉದ್ದ ನಾಲ್ಕು ಮೀಟರ್, ಅಗಲ ಮೂರು.”