ಪಡುವಣ ಕಿಟಕಿ

ಕಡಲು ಕಾಣಬೇಕಿದ್ದಲ್ಲಿ ಹಸಿ ಸಿಮೆಂಟಿನ ಗೋಡೆ ಎದ್ದಿತ್ತು. ಗೃಹಪ್ರವೇಶಕ್ಕೆಂದು ಈಗಷ್ಟೇ ಬಂದಿಳಿದಿದ್ದ ಹೀರಾ ಅಂಗೈ ಊರಿ ನೋಡಿದಳು. ಐವತ್ತು ವರ್ಷದ ಹಿಂದೆ ಆರ್ಕಿಟೆಕ್ಟೊಬ್ಬ ಗೋಡೆಯಗಲದ ಕಿಟಕಿಯಿಟ್ಟು ಕಟ್ಟಿದ್ದ ಈ ಕುಮಟಾ ಮನೆಯನ್ನು, ಆ ಕಿಟಕಿಗಾಗಿಯೇ ಹೋದ ತಿಂಗಳು ಜಮಖಂಡಿಯಿಂದ ಬಂದು ಕೊಳ್ಳಲು ಆರಿಸಿದ್ದವಳು ಅವಳು.

“ಪಶ್ಚಿಮಕ್ಕ ಅಷ್ಟ್ ದೊಡ್ಡ ಕಿಡಕಿ ಛಲೋ ಅಲ್ಲಂತ ವಾಸ್ತು ನೋಡಾವ್ರು ಹೇಳಿದ್ರು,” ಎಂದ ಗಂಡ ಆದಪ್ಪ.

“ನನಗೊಂದ್ ಮಾತು ಕೇಳಬೇಕಿತ್ತಲ್ರೀ?”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕಽ ಮೊನ್ನೆ ಕಟ್ಟಿಸಿಬಿಟ್ಟೆ.”

ನಿನ್ನೆ ಸಂಜೆ ಅವಳಿನ್ನೂ ಜಮಖಂಡಿಯಲ್ಲಿದ್ದಾಗ ಫೋನಿನಲ್ಲಿ ಅವನೇ, “ನಿನ್ ಕಿಡಕ್ಯಾಗ ಸೂರ್ಯ ಮುಳುಗಾಕತ್ತಾನ, ನೀ ಇರಬೇಕಿತ್ತು” ಎಂದಿದ್ದ.

ಮನೆ ಕಾಯುವ ಮುದುಕಿ ಸದ್ದಿಲ್ಲದೆ ಹಿತ್ತಲಲ್ಲಿ ಕಡಲಿಗೆ ಮುಖಮಾಡಿ ಕುರ್ಚಿ ಹಾಕಿಟ್ಟಳು. ಹೀರಾ ಹೋಗಿ ಕೂತಳು.

“ಮೊದಲ ಹಾಲು ಮನಿ ಹೆಣ್ಮಗಳಽ ಉಕ್ಕಿಸ್ಬೇಕು, ಒಳಗ ಬಾ!” ಆದಪ್ಪ ಕರೆದ.

“ಮನಿ ನಿಮ್ಮದಾತು. ನೀವಽ ಉಕ್ಕಿಸ್ರಿ.”