ಕಾಗದದ ಪೊಟ್ಟಣ

ಗರ್ಭ ನಿಲ್ಲದ ಹಾಗೆ ಮಾತ್ರೆ ಬೇಕು ಎಂದಾಗ ಮೆಡಿಕಲ್ ಶಾಪಿನವನು ನನ್ನ ಬರಿಗೊರಳು ನೋಡಿ ನಕ್ಕಿದ್ದ. ಆಸ್ಪತ್ರೆಯಲ್ಲಿ ಗಂಡನನ್ನು ಕರೆದುಕೊಂಡು ಬಾ ಎಂದಿದ್ದರು. ಮದುವೆಯ ಮಾತೆತ್ತದೆ ಕೂರಿಸಿಕೊಂಡವರೆಂದರೆ ನಮ್ಮ ಗಾರ್ಮೆಂಟ್ಸ್ ಕ್ಲಿನಿಕ್ಕಿನ ಸಿಸ್ಟರ್ ಒಬ್ಬರೇ. ಬಾಗಿಲು ಮುಂದೆ ಮಾಡಿದರು. ಒಳಗಿನ ಕೋಣೆಯಿಂದ ಬಿಡಿ ಮಾತ್ರೆಗಳನ್ನು ತಂದು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟರು.

"ಶೀಟ್ ಸಮೇತ ಕೊಟ್ರೆ ಹಾಸ್ಟೆಲ್‌ನಲ್ಲಿ ಗೊತ್ತಾಗಿಬಿಡುತ್ತೆ ಕಣಮ್ಮ. ದಿನಾ ಒಂದು ತಗೋ, ತಪ್ಪಿಸಬೇಡ."

ಅವರ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದೆ.

ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಮುಟ್ಟು ನಿಂತಿತು. ಪರೀಕ್ಷೆ ಮಾಡಿಕೊಂಡೆ, ಎರಡು ಗೆರೆ ಮೂಡಿತು. ಓಡಿದ್ದು ಅವರ ಹತ್ತಿರವೇ.

"ನೀವು ಹೇಳಿದ ಹಾಗೇ ನುಂಗಿದೆ ಸಿಸ್ಟರ್. ಮಾತ್ರೆ ಯಾಕೆ ಕೆಲಸ ಮಾಡಲಿಲ್ಲ?"

ಅವರು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಮುಖದಲ್ಲಿ ಸಮಾಧಾನ ಕಂಡಿತು.

"ಮಾಡಿದೆಯಲ್ಲಮ್ಮ. ಅವತ್ತು ಬಂದಾಗ ಹೆಂಗೆ ಬಿಳಚಿಕೊಂಡಿದ್ದೆ!"

"ಹಂಗಂದ್ರೆ?"

"ಮದುವೆಯಾಗದ ಹುಡುಗಿಗೆ ಆ ಮಾತ್ರೆ ಕೊಟ್ಟು ನಾನ್ಯಾಕೆ ಪಾಪ ಕಟ್ಟಿಕೊಳ್ಳಲಿ? ನಿನಗೆ ಕೊಟ್ಟಿದ್ದು ರಕ್ತ ಹೆಚ್ಚೋ ಮಾತ್ರೆ."