ಗೋಡೆಗೂ ಹಳಿಗೂ ನಡುವೆ

ಪ್ಲೈವುಡ್ ಮೇಲೆ ಎಳೆದ ಹಳಿಯ ಗೆರೆಗುಂಟ ಬಡಗಿ ಮುನೀರ್ ಅಹ್ಮದ್ ಮರದ ಪುಟ್ಟ ವ್ಯಾಗನ್ನನ್ನು ತಳ್ಳಿದ. ಗೋದಾಮಿನ ಗೋಡೆಗೆ ಆನಿಸಿ ನಿಲ್ಲಿಸಿದ್ದ ಗೊಂಬೆಯನ್ನು ಮುಟ್ಟದೆ ಅದು ಹಲಗೆಯ ತುದಿಯಲ್ಲಿದ್ದ ಮರದ ಹಡಗಿನವರೆಗೂ ಹೋಯಿತು.

ಬಂದರಿನಲ್ಲಿ ವ್ಯಾಗನ್ ಬಡಿದು ಮಗ ಸುಹೇಲ್ ಸತ್ತಿದ್ದ. ಅಲ್ಲಿ ಗೋಡೆಗೂ ಹಳಿಗೂ ನಡುವೆ ಮನುಷ್ಯ ನಿಲ್ಲುವಷ್ಟು ಜಾಗವೇ ಇಲ್ಲವೆಂದು ವಿಚಾರಣೆಯಲ್ಲಿ ತೋರಿಸಲು, ತಾನೇ ಹೋಗಿ ಟೇಪು ಹಿಡಿದು ಅಳೆದು ಬಂದು, ಶಿಕಾರಿಪುರದ ತನ್ನ ಅಂಗಡಿಯಲ್ಲಿ ಈ ಮಾದರಿ ಮಾಡುತ್ತಿದ್ದ.

ಹೆಂಡತಿ ಬದರುನ್ನೀಸಾ ಗೊಂಬೆಯನ್ನೇ ನೋಡುತ್ತಿದ್ದಳು. "ಜಾಗ ಐತಲ್ರೀ. ಹಂಗಾದ್ರೆ ಅವನಾಗೇ ಮುಂದೆ ಹೋದ್ನಾ?"

"ಅಳತೆ ತಪ್ಪೈತಿ," ಎಂದ ಮುನೀರ್. ಇಷ್ಟು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಗೂ ಅವನು ಆ ಮಾತು ಹೇಳಿರಲಿಲ್ಲ. ಗೆರೆಯನ್ನು ಉಜ್ಜಿ ಅಳಿಸಿದ. ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು, ಟೇಪು ಮುಟ್ಟದೆ, ಗೊಂಬೆಯ ಕಾಲಿನ ಮೇಲೆಯೇ ಹಾಯುವಂತೆ ಹೊಸ ಹಳಿ ಎಳೆದ.